ಬಿತ್ತನೆ ಬೀಜ

ಸುಂಕ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವ್ಯಾಪಾರಿಯೂ ಸುಂಕದ ಏಜೆಂಟಾಗಿ ಅವನ ಕಾಗದಪತ್ರ ನೋಡಿಕೊಳ್ಳುವ ಅತ್ತಿಗೆಯೂ ನಿಂತಿದ್ದರು.

“ಓಟ್ಸನ್ನ ಏನಂತ ಬರೆದೆ?”

“ಬಿತ್ತನೆ ಬೀಜ ಅಂತ, ಅತ್ತಿಗೆ. ಅದಕ್ಕೆ ಸುಂಕ ಕಡಿಮೆಯಂತೆ.”

“ಹೊಟ್ಟು ತೆಗೆದು, ಹಬೇಲಿ ಬೇಯಿಸಿ, ಚಪ್ಪಟೆ ಮಾಡಿರೋದು ಮೊಳಕೆ ಬರುತ್ತೇನೋ?”

“ಅವರಿಗೇನು ಗೊತ್ತಾಗುತ್ತೆ?”

“ಪೊಟ್ಟಣದ ಮೇಲೆ ಬಟ್ಟಲು, ಚಮಚದ ಚಿತ್ರ ಇದೆ. ಅವರಿಗೂ ಕಣ್ಣಿದೆ. ಸಿಕ್ಕಿಬಿದ್ರೆ ಹೋಗೋದು ನನ್ನ ಲೈಸೆನ್ಸು, ಮಹಾರಾಯ.”

“ನಿಮ್ಮ ಮೊಹರು ಆಗಲೇ ಒತ್ತಿಬಿಟ್ಟೆ.”

ಅತ್ತಿಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಲ್ಲಿ ಬಿತ್ತುತ್ತೀರಿ ಅಂತ ಕೇಳಿದ್ರೆ ಏನು ಹೇಳ್ಲಿ?” ಎಂದ ಅವನು.

“ನಿನ್ನ ತಲೆ ತೋರಿಸು. ಅಲ್ಲಿ ಬೇಕಾದಷ್ಟು ಮಣ್ಣಿದೆ.”

ಕಿಟಕಿಯಿಂದ ಕರೆ ಬಂತು. ಅವನು ಕೂದಲು ಸರಿಮಾಡಿಕೊಂಡು ಅತ್ತಿಗೆಯ ಹಿಂದೆ ನಡೆದ.