ಕುಳಿತಲ್ಲೇ ಹತ್ತು ಸಾವಿರ ಹೆಜ್ಜೆ

ರಕ್ತಪರೀಕ್ಷೆಯ ಸರದಿಯಲ್ಲಿ ನನ್ನ ಮುಂದೆ ಒಬ್ಬ ದರ್ಜಿ ಮತ್ತು ಅವರ ಹೆಂಡತಿ ನಿಂತಿದ್ದರು. ಈ ಸಲವೂ ದರ್ಜಿಯ ಸಕ್ಕರೆ ಇಳಿಯದಿದ್ದರೆ ಪ್ರತಿದಿನ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದು ವೈದ್ಯರು ಎಚ್ಚರಿಸಿದ್ದರೆಂಬುದು ಅವರ ಮಾತಿನಿಂದಲೇ ತಿಳಿಯಿತು.

"ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕಣೇ. ಹೆಜ್ಜೆ ಎಣಿಸೋ ಗಡಿಯಾರಾನೇ ತೋರಿಸ್ತಿದೆ."

"ಕಾಲಿಗೆ ಕಟ್ಕೊಂಡು ಹೊಲಿಯೋಕೆ ಕೂತರೆ ತೋರಿಸದೆ ಏನು ಮಾಡುತ್ತೆ ರೀ?"

"ಮಿಷನ್ ತುಳಿಯೋದೂ ವ್ಯಾಯಾಮಾನೇ."

"ಮೋಟಾರ್ ಹಾಕಿಸಿ ಎರಡು ವರ್ಷ ಆಯ್ತಲ್ಲ ರಾಯರೇ! ನೀವು ಸುಮ್ನೆ ಕಾಲು ಅಲ್ಲಾಡಿಸ್ತೀರ, ಅದು ಪಾಪ ಎಣಿಸುತ್ತೆ."

"ಹೆಜ್ಜೆ ಅಂದ್ರೆ ಹೆಜ್ಜೆನೇ."

"ಹೌದೌದು. ಹತ್ತು ಸಾವಿರ ಹೆಜ್ಜೆಗೂ ಒಂದು ಹನಿ ಬೆವರಿಲ್ಲ, ಎದೆ ಬಡಿತ ಜೋರಾಗಲ್ಲ. ಎಂಥ ದೇಹ ರೀ ನಿಮ್ಮದು!"

"ಡಾಕ್ಟ್ರಿಗೆ ಗಡಿಯಾರ ತೋರಿಸ್ತೀನಿ, ಬಿಡು."

"ತೋರಿಸಿ. ಅವರು ರಕ್ತ ನೋಡ್ತಾರೆ. ಅದರ ಮುಂದೆ ಎಷ್ಟು ಬೇಕೋ ಅಷ್ಟು ಕಾಲು ಅಲ್ಲಾಡಿಸಿ."

ಅವರ ಸಂಖ್ಯೆಯನ್ನು ಕರೆದರು. ರಕ್ತ ತೆಗೆಯುವ ಕೋಣೆ ಮೇಲ್ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಇದ್ದ ಹದಿನಾಲ್ಕು ಮೆಟ್ಟಿಲುಗಳಲ್ಲಿ ಒಂಬತ್ತನೆಯದನ್ನು ತಲುಪುವಷ್ಟರಲ್ಲಿ ದರ್ಜಿ ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತರು.

"ಯಾಕ್ರೀ, ಇನ್ನೂ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು ಬಾಕಿ ಇದೆಯಲ್ಲ?"

ಹಾಗೆ ಕೇಳುತ್ತಲೇ ಆಕೆ ಅವರ ತೋಳು ಹಿಡಿದು ಮೇಲಕ್ಕೆ ಹತ್ತಿಸಿದರು.