ನೀರಿನವನ ಟ್ರಾಲಿ ಗುರುತು

ಲೈಟ್ ಇರಲಿ, ಆರಿಸಬೇಡಿ. ಇದು ನಮ್ಮ ಶಿರ್ವದ ವೆಲಿಟಾಳಿಗೆ ಆದದ್ದು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, 2014ರ ಆಗಸ್ಟಿನಲ್ಲಿ.

ಹೋಟೆಲಿನ ಲಾಂಡ್ರಿಯಲ್ಲಿ ಅವಳ ಕೆಲಸ. ಅಂದು ನೈಟ್ ಡ್ಯೂಟಿ. ಮಷೀನು ಕೆಟ್ಟಿತೆಂದು ನಡುರಾತ್ರಿಗೇ ಮನೆಗೆ ಕಳಿಸಿದರು. ದಾರಿಯಲ್ಲಿ ಹೊಸ ಕಟ್ಟಡಕ್ಕೆ ತೋಡಿದ ಗುಂಡಿ, ಬಾವಿಯಷ್ಟು ಆಳ. ತಳದ ನೀರೆತ್ತುವ ಪಂಪು ಗುರ್... ಗುರ್... ಎನ್ನುತ್ತಿತ್ತು. ಅದನ್ನು ದಾಟುವಾಗ ಹಿಂದೆ ಇನ್ನೊಂದು ಸದ್ದು. ಚಟ್... ಚಟ್... ಒದ್ದೆ ರಬ್ಬರು ಡಾಮರಿಗೆ ಬಡಿದ ಹಾಗೆ. ಇವಳು ನಿಂತಳು. ಅದೂ ನಿಂತಿತು. ತಿರುಗಿದರೆ ಯಾರೂ ಇಲ್ಲ.

ವೆಲಿಟಾ ಗಟ್ಟಿ ಗುಂಡಿಗೆಯವಳೇ. ಆದರೂ ಬ್ಯಾಗಿನೊಳಗೆ ಕೈ ತನ್ನಷ್ಟಕ್ಕೆ ಜಪಸರ ಹುಡುಕಿತು. ಅಷ್ಟರಲ್ಲಿ ಚಟ್ ಚಟ್ ಅವಳ ಪಕ್ಕದಲ್ಲೇ ಹಾದು ಮುಂದೆ ಹೋಯಿತು... ಅವಳ ಬಿಲ್ಡಿಂಗಿನ ಕಡೆಗೇ.

ಬೇರೆಲ್ಲಿಗೆ ಹೋಗುವುದು? ಲಿಫ್ಟ್ ಹತ್ತಿ ಮೇಲೆ ಬಂದು ಬೀಗ ತೆಗೆದಳು. ಹೊಸ್ತಿಲ ಒಳಗೆ ಬಿಳಿ ಪುಡಿ. ರೂಮ್‌ಮೇಟ್ ಎಮಿಲಿಯಾ ತಾನೂ ನೈಟ್ ಡ್ಯೂಟಿಗೆ ಹೊರಡುವ ಮೊದಲು ಜಿರಳೆ ಪುಡಿ ಹಾಕಿದ್ದಾಳೆ ಎಂದುಕೊಂಡಳು. ಗಲ್ಫಿನ ಫ್ಲ್ಯಾಟಿನಲ್ಲಿ ಜಿರಳೆ ಕಾಟ ಯಾರಿಗಿಲ್ಲ? ಪುಡಿಯ ಮೇಲೆ ಟಯರಿನ ಅಚ್ಚು, ಬಿಟ್ಟು ಬಿಟ್ಟು, ಒಳಕ್ಕೆ ಹೋದ ಹಾಗೆ. ಕುಡಿಯುವ ನೀರಿನ ಕ್ಯಾನು ತರುವವನ ಟ್ರಾಲಿ ಇರಬೇಕು. ಹೊಸ್ತಿಲು ಗಲೀಜಾಗಿದ್ದರೆ ವೆಲಿಟಾಳಿಗೆ ನಿದ್ದೆ ಹತ್ತದು. ಗುಡಿಸಿ, ಒರೆಸಿ, ಮುಸುಕೆಳೆದು ಮಲಗಿದಳು. ಬೀಗ ಹಾಕಿದ ಬಾಗಿಲೊಳಗೆ ಟ್ರಾಲಿ ಬಂದದ್ದು ಹೇಗೆ ಎಂದು ಆಗ ಹೊಳೆಯಲೇ ಇಲ್ಲ.

ಎಮಿಲಿಯಾ ಪೆರು ದೇಶದವಳು. ಪಾರಿನಾಕೋಚಾಸ್ ಎಂಬ ಬೆಟ್ಟಸೀಮೆ. ಕಣ್ಣು ಹಾಯಿಸಿದಷ್ಟೂ ಒಣಹುಲ್ಲು, ಗಾಳಿ, ನಡುವೆ ಫ್ಲೆಮಿಂಗೊ ಹಕ್ಕಿಗಳು ಇಳಿಯುವ ಕೆರೆ. ರಾತ್ರಿ ಮಡಕೆಯ ನೀರು ಗಟ್ಟಿಯಾಗುವ ಚಳಿ. ಬಟಾಟೆಯನ್ನು ಆ ಚಳಿಯಲ್ಲಿ ಹರಡಿ, ಬೆಳಿಗ್ಗೆ ತುಳಿದು ನೀರು ಹಿಂಡಿ, ಒಣಗಿಸಿಡುವ ಜನ. ತಾಯಿಯ ಮಾತು ಮೀರಿ ದುಡಿಯಲು ಬಂದವಳು ಎಮಿಲಿಯಾ. ಅಂದಿನಿಂದ ತಾಯಿ ಒಮ್ಮೆಯೂ ಫೋನಿಗೆ ಬಂದಿರಲಿಲ್ಲ. ಆ ತಾಯಿ ಐದು ದಿನದ ಹಿಂದೆ ತೀರಿಕೊಂಡಿದ್ದಳು. ಮಗಳಿಗೆ ರಜೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದವಳು ಒರೆಸಿದ ಹೊಸ್ತಿಲು ನೋಡಿ ಅಲ್ಲೇ ಕುಸಿದು ಕೂತಳು. ಅವಳ ಊರಿನಲ್ಲಿ ಸತ್ತವರು ಐದನೆಯ ರಾತ್ರಿ ವಿದಾಯ ಹೇಳಲು ಬರುತ್ತಾರಂತೆ. ಮನೆ ಖಾಲಿ ಬಿಟ್ಟು ಬಾಗಿಲಿಗೆ ಬೂದಿ ಹರಡುತ್ತಾರೆ. ಬಂದದ್ದು, ಹೋದದ್ದು, ಎರಡೂ ಹೆಜ್ಜೆ ಬೆಳಿಗ್ಗೆ ಕಾಣಬೇಕು. ಇಲ್ಲಿ ಬೂದಿ ಎಲ್ಲಿಂದ ಬರಬೇಕು? ಮೈದಾ ಹರಡಿದ್ದಳು. ವೆಲಿಟಾ ಬೆಳಗಿನ ತನಕ ಬರುವುದಿಲ್ಲ ಎಂದೇ ನಂಬಿದ್ದಳು. ತಾಯಿ ಕ್ಷಮಿಸಿದ್ದರೆ ಬರುತ್ತಾಳೆ, ಅದೊಂದೇ ಅವಳ ಆಸೆ.

"ಇಲ್ಲಿ... ಏನಾದರೂ ಗುರುತಿತ್ತಾ?" ಮೆಲ್ಲಗೆ ಕೇಳಿದಳು.

"ಎಂಥದೂ ಇರ್ಲಿಲ್ಲ ಮಾರಾಯ್ತಿ. ನೀರಿನವನ ಟ್ರಾಲಿ ಗುರುತು ಮಾತ್ರ."

ಎಮಿಲಿಯಾ ಫೋನಿನಲ್ಲಿ ಒಂದು ಫೋಟೊ ತೆಗೆದು ಚಾಚಿದಳು. ಕೆರೆಯ ದಂಡೆ, ಹ್ಯಾಟು ತೊಟ್ಟ ಮುದುಕಿ. ಕಾಲಲ್ಲಿ ಹಳೆಯ ಲಾರಿ ಟಯರು ಕತ್ತರಿಸಿ ಮಾಡಿದ ಚಪ್ಪಲಿ. ಆ ಕಡೆ ಬಡವರೆಲ್ಲ ಮೆಟ್ಟುವುದು ಅದನ್ನೇ.

"ಯಾವ ಕಡೆಗಿತ್ತು?"

"ಒಳಗೆ."

"ಹೊರಗೆ?"

ವೆಲಿಟಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಎಮಿಲಿಯಾ ಮುಖ ಮುಚ್ಚಿಕೊಂಡು ಅತ್ತಳು. ಬಂದಳಲ್ಲ, ಬಂದಳಲ್ಲ ಎಂದು ಅದನ್ನೇ ಹೇಳಿದಳು. ವೆಲಿಟಾ ಮಾತ್ರ ತಿರುಗಿ ರೂಮಿನೊಳಗೆ ನೋಡಿದಳು. ತಾನು ಗುಡಿಸುವಾಗ ಆ ಮುದುಕಿ... ಒಳಗೇ ಇದ್ದಳು.

ಅದೇ ವಾರ ರೂಮಿನ ಎಸಿ ಕೆಟ್ಟಿತು. ಹೊರಗೆ ಕುದಿಯುವ ಸೆಖೆ. ವೆಲಿಟಾ ಬೆಳಗಿನ ಜಾವ ಚಳಿಗೆ ನಡುಗಿ ಎದ್ದಳು. ಎಮಿಲಿಯಾ ಗೋಡೆಗೆ ಒತ್ತಿಕೊಂಡು, ಅರ್ಧ ಮಂಚ ಖಾಲಿ ಬಿಟ್ಟು, ಮಗುವಿನಂತೆ ನಿದ್ದೆ ಹೋಗಿದ್ದಳು. ತಲೆಯ ಹತ್ತಿರ ಲೋಟದಲ್ಲಿ ನೀರಿತ್ತು. ವೆಲಿಟಾ ಬೆರಳಿಂದ ಮುಟ್ಟಿದಳು. ಮೇಲಿನ ತೆಳು ಮಂಜುಗಡ್ಡೆ ಚಿಟ್ ಎಂದು ಒಡೆಯಿತು.

ನಂಬದಿದ್ದರೆ ಬಿಡಿ. ವೆಲಿಟಾ ಈಗ ಅಲ್ಲೇ ಹತ್ತಿರದ ಮುಸಫ್ಫಾದಲ್ಲಿದ್ದಾಳೆ, ಹೋಗಿ ಕೇಳಿ. ಹೊಸ್ತಿಲು ಮಾತ್ರ ಅವಳು ಇವತ್ತಿಗೂ ರಾತ್ರಿ ಗುಡಿಸುವುದಿಲ್ಲ.