ಓದದೆ ಪಾಸಾದವರು, ಓದಿಯೂ ನಪಾಸಾದವರು

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಮೇಡಂ ಅವರ ಯಜಮಾನರಿಗೆ, ಮಗಳಿಗೆ, ಸಹೋದ್ಯೋಗಿಗಳಿಗೆ, ಗೋಡೆಗೊರಗಿ ನಿಂತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ಮನೆಯಲ್ಲಿ ಬೇರೆ ಭಾಷೆ ಮಾತಾಡಿ, ಇಲ್ಲಿ ನಮ್ಮ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪುಸ್ತಕ ಓದಬೇಕಾದ ಮಕ್ಕಳಿಗಾಗಿ ಮೇಡಂ ಒಂದು ಆನ್‌ಲೈನ್ ಪರೀಕ್ಷೆ ಕಟ್ಟಿದರು. ಅದಕ್ಕೆ ಖರ್ಚಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅವರ ಆರು ವರ್ಷ. ಬರೆದು ಹೊಡೆದುಹಾಕಿದ ಒಂಬೈನೂರು ಪ್ರಶ್ನೆ. ಮೂರು ಸಲ ಬದಲಾದ ಕನ್ನಡಕ. ಮತ್ತು — ನನ್ನ ನಿದ್ದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಬೆನ್ನ ಹಿಂದೆ ಅವರನ್ನು ಜರಡಿ ಮೇಡಂ ಎನ್ನುತ್ತಿದ್ದೆವು. ಹೆಸರಿಟ್ಟವನು ನಾನೇ. ಅವರಿಗೂ ಗೊತ್ತಿತ್ತು. "ಜರಡಿ ಹಿಡೀದೆ ಏನ್ಮಾಡ್ಲಿ ಸಾರ್, ನಿಮ್ಮ ಪೇಪರಲ್ಲಿ ಕಾಳಿಗಿಂತ ಹೊಟ್ಟು ಜಾಸ್ತಿ" ಎಂದಿದ್ದರು.

ನಾನು ಇಲ್ಲಿಗೆ ಟೈಪಿಸ್ಟ್ ಆಗಿ ಸೇರಿದವನು. ಬೇರೆಯವರ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾ ಮಾಡುತ್ತಾ ಓದಿ ಮೇಷ್ಟ್ರಾದೆ. ಹದಿನಾರು ವರ್ಷ ಇಂಗ್ಲಿಷ್ ಪೇಪರ್ ತೆಗೆದದ್ದು ಈ ಕೈ. ಒಂದು ದಿನ ಮೇಡಂ ನನ್ನ ಪ್ರಶ್ನೆಗಳನ್ನು ನನ್ನದೇ ತರಗತಿಗೆ ಕೊಟ್ಟರು — ಓದಬೇಕಾದ ಪ್ಯಾಸೇಜ್ ಮಾತ್ರ ಕೊಡಲಿಲ್ಲ. ಬರೀ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಮುಕ್ಕಾಲು ತರಗತಿ ಪಾಸು. ಹೇಗೋ ಮಾರಾಯ ಎಂದು ಒಬ್ಬನನ್ನು ಕೇಳಿದೆ. "ನಿಮ್ಮ ಪೇಪರಲ್ಲಿ ಉದ್ದ ಇರೋ ಉತ್ತರಾನೇ ಸರಿ ಸಾರ್. ಸೀನಿಯರ್ಸ್ ಹೇಳ್ಕೊಟ್ಟಿದಾರೆ" ಎಂದ.

ಆ ಫಲಿತಾಂಶವನ್ನು ಮೇಡಂ ಸಭೆಗೆ ತರಲಿಲ್ಲ. ನನ್ನ ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ಹಾಕಿ, ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಮರೆಯುತ್ತಿದ್ದೆ. ದೊಡ್ಡತನ ತೋರಿದರು ನೋಡಿ — ಅದು ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಅವರ ಪರೀಕ್ಷೆ ಬಂತು. ಹೊಗಳಿದ್ದೇ ಹೊಗಳಿದ್ದು. ನಾನು ಹುಳುಕು ಹುಡುಕಿದೆ — ಸಿಕ್ಕಿತು. ಲ್ಯಾಬಿನ ಕಂಪ್ಯೂಟರಿನಲ್ಲಿ ಪ್ಯಾಸೇಜು, ಪ್ರಶ್ನೆ ಅಕ್ಕಪಕ್ಕ ಕಾಣುತ್ತವೆ. ಮೊಬೈಲಿನಲ್ಲಿ ಪ್ಯಾಸೇಜು ಮೇಲೆ, ಪ್ರಶ್ನೆ ಕೆಳಗೆ. ಒಂದೊಂದು ಪ್ರಶ್ನೆಗೂ ಹೆಬ್ಬೆರಳಿನಲ್ಲಿ — ಹೀಗೆ, ಹೀಗೆ — ಹತ್ತಿ ಇಳಿಯಬೇಕು. ಅಷ್ಟರಲ್ಲಿ ಸಮಯ ಮುಗಿಯುತ್ತದೆ. ಹಾಗೆ ಮೂವತ್ತೊಂದು ಜನ ನಪಾಸಾಗಿ, ಮತ್ತೆ ಆರು ತಿಂಗಳು ಹೆಚ್ಚುವರಿ ತರಗತಿಯಲ್ಲಿ ಕೂತರು. ಓದಲು ಬಾರದೆ ಅಲ್ಲ.

ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಹೀಗೇ ಆಗಲಿ, ಅವರ ಹೆಸರು ತಾನಾಗಿ ಮಣ್ಣುಪಾಲಾಗುತ್ತದೆ ಎಂದು ಕಾದೆ.

ಅಷ್ಟರಲ್ಲಿ ಮೇಡಂ ಕಾಯಿಲೆ ಬಿದ್ದರು; ಆಸ್ಪತ್ರೆಗೆ ನೋಡಲು ಹೋದಾಗ ಅವರೇ ಕೇಳಿದರು. "ಸಾರ್, ಮೊಬೈಲಲ್ಲಿ ಬರೆದೋರ ಅಂಕ ಬೇರೆ ತೆಗೆದು ನೋಡ್ತೀರಾ? ಯಾಕೋ ಅನುಮಾನ. ನಿಮ್ಮಷ್ಟು ನೆಟ್ಟಗೆ ಇನ್ಯಾರೂ ನೋಡಲ್ಲ."

ಆ ಅಂಕಗಳ ಪಟ್ಟಿಯನ್ನು ನಾನು ಆಗಲೇ ತೆಗೆದಿದ್ದೆ; ನನ್ನ ಜೇಬಿನಲ್ಲೇ ಇತ್ತು. "ಆಯ್ತು ಬಿಡಿ ಮೇಡಂ, ಮೊದಲು ಹುಷಾರಾಗಿ" ಎಂದೆ. ಅದಾಗಿ ಒಂಬತ್ತನೆಯ ದಿನ ಹೋದರು.

ಮಗಳೇ, ನೀನು ಇದನ್ನು ಕೇಳಿಸಿಕೊಳ್ಳಬೇಕು — ತಪ್ಪು ಮಾಡಿದ್ದು ನಿನ್ನ ಅಮ್ಮ, ಮುಚ್ಚಿಟ್ಟವನು ನಾನು. ಇಂದು ಬೆಳಿಗ್ಗೆ ಪಟ್ಟಿಯನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟೆ. ಎಷ್ಟು ದಿನ ಮುಚ್ಚಿಟ್ಟಿದ್ದೆ ಎಂಬುದನ್ನೂ ಬರೆದೇ ಕೊಟ್ಟೆ. ಸೋಮವಾರ ಲ್ಯಾಬಿನಲ್ಲಿ ಮರುಪರೀಕ್ಷೆ.

ಹೊಟ್ಟೆಕಿಚ್ಚು ಆರಿದೆಯೇ ಎಂದರೆ — ಇಲ್ಲ. ಈ ಹಾಲ್ ನೋಡಿ, ಕುರ್ಚಿ ಸಾಲುತ್ತಿಲ್ಲ. ನಾಳೆ ನಾನು ಹೋದಾಗ ನಡೆಯುವ ಸಭೆಗೆ ಮುಂದಿನ ಸಾಲು ತುಂಬಿದರೆ ಹೆಚ್ಚು.

ಯಾರಿಗೆ ಏನು ಸಿಕ್ಕಿತು? ಮೇಡಂಗೆ ನಿಮ್ಮ ಕಣ್ಣೀರು. ವಿಶ್ವವಿದ್ಯಾಲಯಕ್ಕೆ ಒಂದು ಒಳ್ಳೆಯ ಪರೀಕ್ಷೆ. ಮೂವತ್ತೊಂದು ಜನಕ್ಕೆ ಒಂದು ಸೋಮವಾರ; ಹೋದ ಆರು ತಿಂಗಳು ಸಿಗುವುದಿಲ್ಲ. ನನಗೆ ಅವರು ಕೂರುತ್ತಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ, ಮೊನ್ನೆಯಿಂದ.

ಕೂತವರು ಏಳಿ, ನಿಂತವರು ಹಾಗೇ ಇರಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ — ನಾನೂ.